ಹಿತ್ತಿಲಿಗೊಂದು ಕೇಪಳ
ಮನೆಯ ಸುತ್ತ ಒಂದಿಷ್ಟು ಮಣ್ಣಿದ್ದರೆ ಈ ಮಳೆಗಾಲದಲ್ಲಿ ಕೇಪಳದ ಗಿಡ ನೆಡಿ. ನರ್ಸರಿಯ ಕುಳ್ಳು ತಳಿ ಬೇಡ. ಕರಾವಳಿ, ಮಲೆನಾಡಿನ ಗುಡ್ಡಗಳಲ್ಲಿ ತಾನಾಗಿ ಬೆಳೆಯುವ ಕೆಂಪು ಹೂವಿನದೇ ಇರಲಿ. ಮಕರಂದಕ್ಕೆ ಸೂರಕ್ಕಿ, ಚಿಟ್ಟೆಗಳು ಬರುತ್ತವೆ, ಹಣ್ಣಿಗೆ ಪಿಕಳಾರ.

ಪಕ್ಕದಲ್ಲೇ ಕರಿಬೇವು ಹಾಕಿ. ಅದರ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಪುಟ್ಟ ಹುಳು ಕಂಡರೆ ದಯವಿಟ್ಟು ಔಷಧಿ ಹೊಡೆಯಬೇಡಿ. ಅದು ಕಾಮನ್ ಮಾರ್ಮನ್‌ನಂಥ ಚಿಟ್ಟೆಯ ಮರಿ. ಬೆಳೆಯುತ್ತಾ ಹಸಿರಾಗಿ, ಕೋಶ ಕಟ್ಟಿ, ರೆಕ್ಕೆ ಪಡೆಯುತ್ತದೆ. ತಿಂದುಹೋದ ಎಲೆ ಮತ್ತೆ ಚಿಗುರುತ್ತದೆ, ಒಗ್ಗರಣೆಗೆ ಕೊರತೆಯಾಗದು.

ಬಯಲುಸೀಮೆಯವರಿಗೆ ಆಡುಸೋಗೆ, ಎಕ್ಕ ಒಳ್ಳೆಯವು (ಎಕ್ಕದ ಹಾಲು ಕಣ್ಣಿಗೆ ತಾಗದಂತೆ ಎಚ್ಚರವಿರಲಿ). ಲಂಟಾನಕ್ಕೂ ಚಿಟ್ಟೆ ಬರುತ್ತದೆ ನಿಜ. ಆದರೆ ಅಮೆರಿಕ ಖಂಡದಿಂದ ಬಂದ ಆ ಗಿಡ ಬಂಡೀಪುರದ ಕಾಡಿನ ಬಹುಭಾಗ ಆವರಿಸಿಕೊಂಡಿದೆ. ಅದನ್ನು ಮಾತ್ರ ಮನೆಗೆ ತರಬೇಡಿ.