ಆನ್‌ಲೈನ್ ಹರಾಜಿನಲ್ಲಿ ಅಂಚೆಚೀಟಿ

ಹರಾಜೆಂಬುದು ನಮ್ಮ ಹಳ್ಳಿಗರಿಗೆ ಹೊಸತಲ್ಲ. ಹುಣಸೆಕಾಯಿ ಬಲಿಯುವ ಕಾಲಕ್ಕೆ ನಮ್ಮೂರಿನ ಪಂಚಾಯತಿಯವರು ಮರಗಳ ಫಸಲನ್ನು ಹರಾಜಿಗೆ ಇಡುತ್ತಾರೆ. ಕಟ್ಟೆಯ ಸುತ್ತ ಜನ ಸೇರುತ್ತಾರೆ. ಒಬ್ಬರ ಮೇಲೊಬ್ಬರು ಸವಾಲು ಕೂಗುತ್ತಾರೆ. "ಒಂದು ಸಲ, ಎರಡು ಸಲ, ಮೂರು ಸಲ" ಎಂದೊಡನೆ ವ್ಯವಹಾರ ಮುಗಿಯುತ್ತದೆ. ಇದೇ ಹರಾಜು ಇಂದು ಮೊಬೈಲಿನೊಳಗೂ ನಡೆಯುತ್ತಿದೆ. ಅಲ್ಲಿ ಕಟ್ಟೆಯಿಲ್ಲ, ಕೂಗುವವನಿಲ್ಲ, ಎದುರು ಸವಾಲು ಹಾಕುವವನ ಮುಖವೂ ಕಾಣದು. ಅಲ್ಲಿ ಕೈಬದಲಾಗುವ ಅಸಂಖ್ಯ ವಸ್ತುಗಳಲ್ಲಿ ಸಂಗ್ರಾಹಕರ ಅಂಚೆಚೀಟಿಯೂ ಒಂದು. ಕಣ್ಣಾರೆ ಕಾಣದ ಒಂದು ಕಾಗದದ ಚೂರನ್ನು ಕೊಳ್ಳುವುದು ಹೇಗೆ, ಗುರುತಿಲ್ಲದವರಿಗೆ ಅದನ್ನು ಮಾರುವುದು ಹೇಗೆ ಎಂಬುದನ್ನು, ತರಗತಿಯಲ್ಲಿ ಓದಿದ ಅರ್ಥಶಾಸ್ತ್ರದಿಂದಲೂ ನಾನೇ ತೆತ್ತ ದಂಡದಿಂದಲೂ ತಿಳಿದಷ್ಟು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಮೊದಲು, ಅಂಚೆಚೀಟಿಗೆ ಬೆಲೆ ಬರುವುದು ಎಲ್ಲಿಂದ ಎಂಬುದನ್ನು ನೋಡೋಣ. ಹಳೆಯದಾದದ್ದೆಲ್ಲ ದುಬಾರಿಯೆಂಬ ನಂಬಿಕೆ ನಮ್ಮಲ್ಲಿ ಅನೇಕರಿಗಿದೆ. ಅದು ಸರಿಯಲ್ಲ. ಜಗತ್ತಿನ ಮೊದಲ ಅಂಟಿಸುವ ಅಂಚೆಚೀಟಿಯಾದ 'ಪೆನಿ ಬ್ಲ್ಯಾಕ್' ಬ್ರಿಟನ್ನಿನಲ್ಲಿ ಬಳಕೆಗೆ ಬಂದುದು 1840ರ ಮೇ ತಿಂಗಳಲ್ಲಿ. ಆದರೆ ಅದು ಅಚ್ಚಾದದ್ದು ಸುಮಾರು 6.8 ಕೋಟಿ ಪ್ರತಿ. ಆದುದರಿಂದ ಅಷ್ಟು ಹಳೆಯದಾದರೂ ಇಂದಿಗೂ ಅದು ಮಾರುಕಟ್ಟೆಯಲ್ಲಿ ಸಿಕ್ಕುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, 1948ರ ಆಗಸ್ಟ್ 15ರಂದು ಸ್ವತಂತ್ರ ಭಾರತವು ಗಾಂಧೀಜಿಯವರ ಸ್ಮರಣಾರ್ಥ ಹೊರಡಿಸಿದ ನಾಲ್ಕು ಚೀಟಿಗಳನ್ನು ತೆಗೆದುಕೊಳ್ಳಿ. ಸ್ವಿಟ್ಜರ್ಲೆಂಡಿನಲ್ಲಿ ಮುದ್ರಿತವಾದ ಇವುಗಳ ಮುಖಬೆಲೆ ಒಂದೂವರೆ ಆಣೆ, ಮೂರೂವರೆ ಆಣೆ, 12 ಆಣೆ ಮತ್ತು 10 ರೂಪಾಯಿ. ಈ 10 ರೂಪಾಯಿ ಚೀಟಿಯಲ್ಲಿ ಕೇವಲ 100 ಪ್ರತಿಗಳ ಮೇಲೆ 'ಸರ್ವಿಸ್' ಎಂದು ಅಚ್ಚೊತ್ತಿ ಗವರ್ನರ್ ಜನರಲ್ಲರ ಕಚೇರಿಯ ಬಳಕೆಗೆ ಕೊಡಲಾಯಿತು. ಅಂತಹ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ 5 ಲಕ್ಷ ಪೌಂಡುಗಳಿಗೆ ಮಾರಾಟವಾಯಿತು.

ಹೀಗೆ ಬೆಲೆಯನ್ನು ನಿರ್ಧರಿಸುವುದು ವಯಸ್ಸಲ್ಲ. ವಿರಳತೆ, ಬೇಡಿಕೆ ಮತ್ತು ಚೀಟಿಯ ಸ್ಥಿತಿ. ಅಷ್ಟೇ ಅಲ್ಲ, ಏರಿದ ಬೆಲೆ ಇಳಿಯಲಾರದೆಂಬ ನಿಯಮವೂ ಇಲ್ಲ. ಬ್ರಿಟಿಷ್ ಗಯಾನದ 1856ರ ಒಂದು ಸೆಂಟಿನ ಕೆನ್ನೀಲಿ ಚೀಟಿ ಜಗತ್ತಿಗೆ ಒಂದೇ ಒಂದು ಎಂದು ಪ್ರಸಿದ್ಧವಾದುದು. 2014ರಲ್ಲಿ ಅದು ಸುಮಾರು 95 ಲಕ್ಷ ಡಾಲರಿಗೆ ಹೋಯಿತು. 2021ರಲ್ಲಿ ಮತ್ತೆ ಹರಾಜಿಗೆ ಬಂದಾಗ ಸಿಕ್ಕಿದ್ದು ಸುಮಾರು 83 ಲಕ್ಷ ಡಾಲರು.

ಇನ್ನು ಹರಾಜಿನ ಕ್ರಮ. ಆನ್‌ಲೈನ್ ಹರಾಜನ್ನು ಲೋಕಪ್ರಸಿದ್ಧಗೊಳಿಸಿದ 'ಈಬೇ' ತಾಣವನ್ನು ಪಿಯರ್ ಒಮಿಡ್ಯಾರ್ ಎಂಬುವರು ಅಮೆರಿಕದಲ್ಲಿ 1995ರಲ್ಲಿ ಆರಂಭಿಸಿದರು. ಅದರ ಭಾರತದ ಶಾಖೆ 2018ರಲ್ಲಿ ಮುಚ್ಚಿತಾದರೂ, ಅದು ರೂಢಿಗೆ ತಂದ ಪದ್ಧತಿ ಅನೇಕ ತಾಣಗಳಲ್ಲಿ ಉಳಿದಿದೆ. ಆ ಪದ್ಧತಿ ಇಂತಿದೆ. ನಾನು ಕೊಡಬಲ್ಲ ಗರಿಷ್ಠ ಬೆಲೆಯನ್ನು ಗುಟ್ಟಾಗಿ ನಮೂದಿಸಿಬಿಡುತ್ತೇನೆ. ಆಮೇಲೆ ಯಂತ್ರವೇ ನನ್ನ ಪರವಾಗಿ, ಅಗತ್ಯವಿದ್ದಷ್ಟು ಮಾತ್ರ, ಸವಾಲನ್ನು ಏರಿಸುತ್ತ ಹೋಗುತ್ತದೆ. ನನ್ನ ಗರಿಷ್ಠ ಬೆಲೆ 1,000 ರೂಪಾಯಿ, ಎದುರಾಳಿಯದು 700 ರೂಪಾಯಿ, ಒಂದು ಮೆಟ್ಟಿಲಿಗೆ 10 ರೂಪಾಯಿ ಎಂದಿಟ್ಟುಕೊಳ್ಳಿ. ಚೀಟಿ ನನಗೆ ಬರುತ್ತದೆ. ಆದರೆ ನಾನು ಕೊಡಬೇಕಾದುದು 1,000 ಅಲ್ಲ, 710 ಮಾತ್ರ. ಎಂದರೆ, ಗೆದ್ದವನು ತೆರುವ ಬೆಲೆಯನ್ನು ನಿಶ್ಚಯಿಸುವವನು ಸೋತವರಲ್ಲಿ ಮೊದಲಿಗ.

ಇಂತಹ ಹರಾಜಿನ ತತ್ತ್ವವನ್ನು ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞರು 1961ರಲ್ಲಿ ಪ್ರತಿಪಾದಿಸಿದರು. 1996ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂದಿತು. ಎರಡನೆಯ ದೊಡ್ಡ ಸವಾಲಿನ ಬೆಲೆಯನ್ನೇ ಕೊಡುವ ಹರಾಜಿನಲ್ಲಿ ಪ್ರತಿಯೊಬ್ಬನೂ ತನ್ನ ಮನಸ್ಸಿನ ನಿಜವಾದ ಬೆಲೆಯನ್ನು ಹೇಳುವುದೇ ಅವನಿಗೆ ಲಾಭಕರ ಎಂಬುದು ಅವರ ಸಿದ್ಧಾಂತದ ಸಾರ. ಸ್ವಾರಸ್ಯವೇನೆಂದರೆ, ಅಮೆರಿಕದ ಅಂಚೆಚೀಟಿ ವ್ಯಾಪಾರಿಗಳು ಟಪಾಲಿನ ಮೂಲಕ ಸವಾಲು ತರಿಸಿಕೊಂಡು ಇದೇ ಕ್ರಮದ ಹರಾಜನ್ನು 1893ರಷ್ಟು ಹಿಂದೆಯೇ ನಡೆಸಿದ್ದರೆಂದು ಮುಂದಿನ ಸಂಶೋಧಕರು ತೋರಿಸಿದ್ದಾರೆ. ಸಿದ್ಧಾಂತ ಪುಸ್ತಕಕ್ಕೆ ಬರುವ ಮೊದಲೇ ಅಂಗಡಿಯಲ್ಲಿತ್ತೆಂದಾಯಿತು!

ಇಂತಹ ಹರಾಜಿನಲ್ಲಿ ಕೊನೆಯ ಗಳಿಗೆಯದು ಒಂದು ವಿಚಿತ್ರ. ಮುಕ್ತಾಯದ ಗಂಟೆ ಮೊದಲೇ ಗೊತ್ತಿರುವ ತಾಣಗಳಲ್ಲಿ ಅನೇಕರು ಕಡೆಯ ಕೆಲವು ಸೆಕೆಂಡುಗಳವರೆಗೆ ಸುಮ್ಮನಿದ್ದು ಆಮೇಲೆ ಸವಾಲು ಎಸೆಯುತ್ತಾರೆ. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ ಎಂಬ ವಿದ್ವಾಂಸರು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಕೊನೆಯಲ್ಲಿ ಸವಾಲು ಬಂದರೆ ಅವಧಿ ತಾನಾಗಿ ಮುಂದಕ್ಕೆ ಹೋಗುವ ನಿಯಮವಿದ್ದ ಕಡೆ ಈ ಚಾಳಿ ಬಹಳ ಕಡಿಮೆಯಿತ್ತು. ತಾಣದ ನಿಯಮ ಯಾವುದೆಂದು ಮೊದಲೇ ಓದಿಕೊಳ್ಳುವುದು ಆದುದರಿಂದ ಅವಶ್ಯ. ಮಾರುವವನ ಗೆಳೆಯನೇ ಬೇರೆ ಹೆಸರಿನಲ್ಲಿ ಸುಳ್ಳು ಸವಾಲು ಹಾಕಿ ಬೆಲೆ ಏರಿಸುವ ಮೋಸವೂ ಉಂಟು. ತಾನು ನಿಶ್ಚಯಿಸಿದ ಮಿತಿಯನ್ನು ದಾಟದವನಿಗೆ ಈ ಎರಡರಿಂದಲೂ ಹೆಚ್ಚಿನ ಹಾನಿಯಿಲ್ಲ.

ಆ ಮಿತಿಯನ್ನು ನಾನೇ ದಾಟಿದ ಕಥೆಯನ್ನು ಇಲ್ಲಿ ಹೇಳಬೇಕು. ಎರಡನೆಯ ಬಿ.ಎ. ಓದುತ್ತಿದ್ದಾಗ ಒಂದು ತಾಣದಲ್ಲಿ 1948ರ 12 ಆಣೆಯ ಗಾಂಧಿ ಚೀಟಿ ಹರಾಜಿಗೆ ಬಂದಿತು. "ಬಳಸದ್ದು, ಸುಸ್ಥಿತಿಯಲ್ಲಿದೆ" ಎಂದು ವಿವರಣೆ. ಮುಂಬದಿಯ ಚಿತ್ರ ಒಂದೇ. ವಿದ್ಯಾರ್ಥಿವೇತನದ ಹಣದಲ್ಲಿ 1,500 ರೂಪಾಯಿಗಿಂತ ಹೆಚ್ಚು ಕೊಡಬಾರದೆಂದು ನಿಶ್ಚಯಿಸಿದ್ದೆ. ಕೊನೆಯ ಐದು ನಿಮಿಷಗಳಲ್ಲಿ ಯಾರೋ ನನ್ನನ್ನು ಹಿಂದಿಕ್ಕುತ್ತ ಬಂದರು. ನಾನೂ ಏರುತ್ತ ಹೋದೆ. 2,400 ರೂಪಾಯಿಗೆ ಗೆದ್ದೆ. ಆ ರಾತ್ರಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಎಂಟು ದಿನಗಳ ಮೇಲೆ ಚೀಟಿ ಬಂದಿತು. ಅನುಭವಸ್ಥ ಸಂಗ್ರಾಹಕರೊಬ್ಬರಿಗೆ ತೋರಿಸುವಷ್ಟರಲ್ಲಿ ಮತ್ತೆ ಎರಡು ವಾರ ಕಳೆಯಿತು. ಅವರು ಅದನ್ನು ಚಿಮುಟದಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು. ಗಾಂಧೀಜಿಯವರ ಭುಜದ ಹಿಂದೆ, ಉಗುರಿನಷ್ಟು ಜಾಗದಲ್ಲಿ, ಕಾಗದ ಸವೆದು ತೆಳ್ಳಗಾಗಿತ್ತು. ಹಳೆಯ ಆಲ್ಬಮ್ಮಿನಿಂದ ಕಿತ್ತಾಗ ಆದ ಆ ಗಾಯವನ್ನು ಮುಚ್ಚಲು ಹಿಂಬದಿಗೆ ಹೊಸದಾಗಿ ಅಂಟು ಬಳಿದಿದ್ದರು. ಮಾರಿದವರಿಗೆ ಬರೆದೆ. "ಚಿತ್ರ ನೋಡಿಯೇ ಕೊಂಡಿರಿ" ಎಂದು ಉತ್ತರ ಬಂದಿತು. ಹಿಂದಿರುಗಿಸುವ ಅವಧಿಯೂ ಮುಗಿದಿತ್ತು. ಪ್ರತಿ ವರ್ಷ ಹುಣಸೆ ಹರಾಜಿಗೆ ಹೋಗುವ ನಮ್ಮ ತಂದೆಯವರಿಗೆ ಇದನ್ನು ಹೇಳಿದಾಗ ಅವರು ಬೈಯಲಿಲ್ಲ. "ಮರದ ಹಿಂದಕ್ಕೆ ಹೋಗಿ ನೋಡ್ಲಿಲ್ವಾ ಮಗಾ? ಮರ ನೋಡಿ ಬೆಲೆ ಕಟ್ಕಂಡು ಹೋಗ್ಬೇಕು, ಕೂಗು ಕೇಳಿ ಕಟ್ಬಾರ್ದು" ಎಂದರು. ಶಾಲೆಯ ಮೆಟ್ಟಿಲು ಹತ್ತದ ಅವರ ಈ ಮಾತಿನಲ್ಲಿ ವಿಕ್ರಿಯವರ ಸಿದ್ಧಾಂತ ಪೂರ್ತಿ ಅಡಗಿದೆಯೆಂದು ನನಗೆ ಆಮೇಲೆ ಹೊಳೆಯಿತು.

ಕೊಳ್ಳುವವನು ನೋಡಬೇಕಾದ 'ಮರದ ಹಿಂಬದಿ' ಯಾವುದು? ಮೊದಲನೆಯದಾಗಿ, ಚೀಟಿಯ ಎರಡೂ ಬದಿಗಳ ಸ್ಪಷ್ಟ ಚಿತ್ರ. ಮಾರುವವರು ಹಾಕಿರದಿದ್ದರೆ ಕೇಳಬೇಕು, ಕೊಡದಿದ್ದರೆ ಬಿಟ್ಟುಬಿಡಬೇಕು. ಎರಡನೆಯದಾಗಿ, ಅಂಚಿನ ರಂಧ್ರಗಳು. ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ರಂಧ್ರಗಳಿವೆಯೆಂಬುದೇ ಅವುಗಳ ಅಳತೆ. ನೋಡಲು ಒಂದೇ ಆದ ಎರಡು ಚೀಟಿಗಳು ಇದರಲ್ಲಿ ಬೇರೆಯಾಗಿ, ಬೆಲೆಯಲ್ಲಿಯೂ ಬೇರೆಯಾಗುವುದುಂಟು. ಮೂರನೆಯದು ಕಾಗದದೊಳಗಿನ ನೀರುಗುರುತು. 1865ರಿಂದ ನಮ್ಮ ದೇಶದ ಚೀಟಿಗಳಲ್ಲಿ ಬಂದ ಆನೆಯ ತಲೆಯ ಗುರುತು ಇದಕ್ಕೆ ಒಳ್ಳೆಯ ನಿದರ್ಶನ. ನಾಲ್ಕನೆಯದಾಗಿ, ಬಳಸಿದ ಚೀಟಿಯ ಮುದ್ರೆಯನ್ನು ತೊಳೆದು 'ಬಳಸದ್ದು' ಎಂದು ಮಾರುವರೇ ಎಂಬುದನ್ನು ಭೂತಗನ್ನಡಿಯಲ್ಲಿ ಪರೀಕ್ಷಿಸಬೇಕು.

ಬೆಳ್ಳಗಿರುವುದೆಲ್ಲ ಹಾಲಲ್ಲ. ಜೀನ್ ಡಿ ಸ್ಪೆರಾಟಿ ಎಂಬಾತನ ನಕಲಿ ಚೀಟಿಗಳು ತಜ್ಞರನ್ನೂ ಬೆರಗುಗೊಳಿಸಿದ್ದವು. ಅವನ ಸಲಕರಣೆಗಳನ್ನು 1954ರಲ್ಲಿ ಬ್ರಿಟಿಷ್ ಸಂಗ್ರಾಹಕರ ಸಂಘವೇ ಕೊಂಡು ಅವನ ಕೈ ಕಟ್ಟಬೇಕಾಯಿತು. ಆದುದರಿಂದ ಹೆಚ್ಚು ಬೆಲೆಯ ಚೀಟಿಗೆ ತಜ್ಞರ ಸಮಿತಿಯ ಪ್ರಮಾಣಪತ್ರವಿರುವುದು ಕ್ಷೇಮ.

ಈಗ ಮಾರುವವನ ಧರ್ಮ. ಅಂತಿಮ ವರ್ಷದ ಪರೀಕ್ಷಾ ಶುಲ್ಕಕ್ಕಾಗಿ ಆ ಗಾಂಧಿ ಚೀಟಿಯನ್ನು ನಾನು ಮಾರಬೇಕಾಯಿತು. "ನೀನೂ ಮುಂಬದಿಯ ಚಿತ್ರವನ್ನಷ್ಟೇ ಹಾಕು, ನಿನಗಾದದ್ದು ಇನ್ನೊಬ್ಬನಿಗಾಗಲಿ" ಎಂದು ಗೆಳೆಯನೊಬ್ಬ ಸಲಹೆಯಿತ್ತ. ಅವನ ಸಲಹೆ ಎರಡು ದಿನ ನನ್ನನ್ನು ಕಾಡಿತೆಂಬುದನ್ನು ಮುಚ್ಚಿಡಲಾರೆ. ಆಗ ನೆನಪಾದದ್ದು ಜಾರ್ಜ್ ಅಕರ್‌ಲಾಫ್ ಎಂಬ ಅರ್ಥಶಾಸ್ತ್ರಜ್ಞರ 1970ರ ಪ್ರಬಂಧ. ಹಳೆಯ ಕಾರುಗಳ ಉದಾಹರಣೆಯಿಂದ ಅವರು ಹೇಳಿದುದಿಷ್ಟೆ: ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಿರುವಲ್ಲಿ ಕೊಳ್ಳುವವನು ಎಲ್ಲವನ್ನೂ ಸಂಶಯದಿಂದ ಕಂಡು ಕಡಿಮೆ ಬೆಲೆ ಕೂಗುತ್ತಾನೆ. ಆ ಬೆಲೆಗೆ ಒಳ್ಳೆಯ ಸರಕಿನವನು ಮಾರಲೊಲ್ಲದೆ ಹೊರಟುಹೋಗುತ್ತಾನೆ. ಕಡೆಗೆ ಉಳಿಯುವುದು ಕೆಟ್ಟ ಸರಕೇ. ನನ್ನ ಒಂದು ಸುಳ್ಳು ಆ ಮಾರುಕಟ್ಟೆಯನ್ನು ಅಷ್ಟರಮಟ್ಟಿಗೆ ಕೆಡಿಸುತ್ತಿತ್ತು.

ಎರಡೂ ಬದಿಯ ಚಿತ್ರ ಹಾಕಿ, "ಹಿಂಬದಿಯ ಕಾಗದ ಸವೆದಿದೆ, ಅಂಟು ಮತ್ತೆ ಬಳಿದದ್ದು" ಎಂದು ಬರೆದೆ. 850 ರೂಪಾಯಿಗೆ ಹೋಯಿತು. 1,550 ರೂಪಾಯಿ ನಷ್ಟ. ಕೊಂಡವರು "ವಿವರಣೆಯಂತೆಯೇ ಇದೆ" ಎಂದು ನನ್ನ ಹೆಸರಿನ ಮುಂದೆ ಬರೆದರು. ಆಮೇಲೆ ನಾನು ಮಾರಿದ ಐದು ಹಳೆಯ ಲಕೋಟೆಗಳಲ್ಲಿ ಮೂರನ್ನು ಅವರೇ ಕೊಂಡರು. ನಷ್ಟವಿನ್ನೂ ಪೂರ್ತಿ ತುಂಬಿಲ್ಲ. ಆದರೆ ನನ್ನ ಮಾತಿಗೆ ಅಲ್ಲಿ ಒಂದು ಬೆಲೆ ಬಂದಿದೆ.

ಕೆಲವು ವ್ಯಾವಹಾರಿಕ ಸೂಚನೆಗಳು: ಸವಾಲಿನ ಬೆಲೆಗೆ ತಾಣದ ಶುಲ್ಕ, ಅಂಚೆವೆಚ್ಚಗಳನ್ನು ಸೇರಿಸಿಯೇ ಮಿತಿ ಕಟ್ಟಿಕೊಳ್ಳಿ. ಹಣವನ್ನು ತಾಣದ ಮೂಲಕವೇ ಕೊಡಿ. ಹೊರಗೆ ಕೊಟ್ಟರೆ ದೂರಿಗೆ ಆಧಾರವಿಲ್ಲ. ಕಳುಹಿಸುವಾಗ ಚೀಟಿಯನ್ನು ನುಣುಪು ಕಾಗದದ ಚೀಲದಲ್ಲಿಟ್ಟು, ಎರಡು ಗಟ್ಟಿ ರಟ್ಟುಗಳ ನಡುವೆ ಭದ್ರಪಡಿಸಬೇಕು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿರುವುದರಿಂದ, ಈಗ ಸ್ಪೀಡ್ ಪೋಸ್ಟಿನಲ್ಲಿಯೇ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಬೇಕು. ಬಂದ ಲಕೋಟೆಯನ್ನು ಅಂದೇ ಪರೀಕ್ಷಿಸಿ; ನನ್ನಂತೆ ವಾರಗಟ್ಟಲೆ ತಡಮಾಡಬೇಡಿ. 2020ರ ಇ-ಕಾಮರ್ಸ್ ನಿಯಮಗಳಂತೆ, ತಾಣದ ಕುಂದುಕೊರತೆ ಅಧಿಕಾರಿಯು ಗ್ರಾಹಕನ ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿದುದಾಗಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಇವನ್ನು ಅಂದು ನಾನು ಅರಿತಿರಲಿಲ್ಲ.

ಒಟ್ಟಿನಲ್ಲಿ, ಆನ್‌ಲೈನ್ ಹರಾಜಿನಲ್ಲಿ ನಾವು ಮೊದಲು ಕೊಳ್ಳುವುದು ಚೀಟಿಯನ್ನಲ್ಲ, ಚೀಟಿಯ ಬಗೆಗೆ ಇನ್ನೊಬ್ಬರು ಆಡಿದ ಮಾತನ್ನು. ಆ ಮಾತನ್ನು ತೂಗಿ ನೋಡುವುದು ಕೊಳ್ಳುವವನ ಜಾಣ್ಮೆ. ಅದನ್ನು ನಿಜವಾಗಿಸುವುದು ಮಾರುವವನ ಹೊಣೆ. ಈ ಹವ್ಯಾಸಕ್ಕೆ ಇಳಿಯಬಯಸುವ ಗೆಳೆಯರು ಅಗ್ಗದ ಚೀಟಿಗಳಿಂದ ಆರಂಭಿಸಲಿ. ಹಾಸಿಗೆಯಿದ್ದಷ್ಟೇ ಕಾಲು ಚಾಚಲಿ. ಮತ್ತು ಮರೆಯದೆ, ಮರದ ಹಿಂದಕ್ಕೆ ಹೋಗಿ ನೋಡಲಿ.