ಹಿಂಸೆ ವಿನೋದವಾದಾಗ

ದುಡಿದು ದಣಿದ ಮನುಷ್ಯನಿಗೆ ವಿನೋದವು ಅನ್ನದಷ್ಟೇ ಅವಶ್ಯ. ಜಾತ್ರೆ, ಯಕ್ಷಗಾನ, ಕುಸ್ತಿ, ಕೋಲಾಟ ಇವೆಲ್ಲವೂ ಈ ಅವಶ್ಯಕತೆಯಿಂದಲೇ ಹುಟ್ಟಿದವು. ಒಂದು ಸಮಾಜದ ಸಾಮರ್ಥ್ಯವನ್ನು ಅದರ ದುಡಿಮೆಯಿಂದ ಅಳೆಯಬಹುದಾದರೆ, ಅದರ ಸಂಸ್ಕಾರವನ್ನು ಅದು ಬಿಡುವಿನ ವೇಳೆಯಲ್ಲಿ ಏನನ್ನು ನೋಡಿ ನಲಿಯುತ್ತದೆ ಎಂಬುದರಿಂದ ಅಳೆಯಬಹುದು. ಪರರ ನೋವೇ ವಿನೋದದ ವಸ್ತುವಾದರೆ ನೋಡುವವರ ಗತಿ ಏನಾಗುತ್ತದೆ? ಈ ಪ್ರಶ್ನೆಗೆ ಉತ್ತರವನ್ನು ಅರಸುವವರು ಪ್ರಾಚೀನ ರೋಮಿನ ಇತಿಹಾಸವನ್ನು ನೋಡಬೇಕು.

ರೋಮನ್ನರು ಅನಾಗರಿಕರಾಗಿರಲಿಲ್ಲ. ಭದ್ರವಾದ ರಸ್ತೆಗಳನ್ನು ನಿರ್ಮಿಸಿದವರು, ದೂರದ ಬೆಟ್ಟಗಳಿಂದ ನಗರಗಳಿಗೆ ನೀರು ತಂದವರು, ಯುರೋಪಿಗೆ ನ್ಯಾಯಶಾಸ್ತ್ರವನ್ನು ಕೊಟ್ಟವರು ಅವರು. ಅಂಥ ಜನರೇ ಆರುನೂರಕ್ಕೂ ಹೆಚ್ಚು ವರ್ಷಗಳ ಕಾಲ, ಮನುಷ್ಯನು ಮನುಷ್ಯನನ್ನು ಇರಿಯುವುದನ್ನು ಆಟವೆಂದು ಕುಳಿತು ನೋಡಿದರು. ಹೀಗೆ ಕಾದಾಡುವವರಿಗೆ ಗ್ಲಾಡಿಯೇಟರುಗಳೆಂದು ಹೆಸರು. ಅವರಲ್ಲಿ ಹೆಚ್ಚಿನವರು ಯುದ್ಧದಲ್ಲಿ ಸೆರೆಸಿಕ್ಕವರು, ಗುಲಾಮರು, ಶಿಕ್ಷೆಗೆ ಗುರಿಯಾದವರು.

ಈ ಆಟದ ಆರಂಭ ಚಿಕ್ಕದು. ಕ್ರಿ.ಪೂ. 264ರಲ್ಲಿ ಬ್ರೂಟಸ್ ಪೆರ ಎಂಬ ಗಣ್ಯನು ತೀರಿಕೊಂಡಾಗ ಅವನ ಮಕ್ಕಳು ಉತ್ತರಕ್ರಿಯೆಯ ಅಂಗವಾಗಿ ದನದ ಪೇಟೆಯಲ್ಲಿ ಮೂರು ಜೊತೆ ಆಳುಗಳನ್ನು ಕಾದಾಡಿಸಿದರು. ಅಂದು ಅದು ಸತ್ತ ಹಿರಿಯರಿಗೆ ಸಲ್ಲಿಸುವ ಗೌರವವೆನಿಸಿತ್ತು. ಆದರೆ ಬಹುಬೇಗ ಗೌರವವು ನೆಪವಾಗಿ, ನೋಟವೇ ಮುಖ್ಯವಾಯಿತು. ಕ್ರಿ.ಪೂ. 65ರಲ್ಲಿ ಜೂಲಿಯಸ್ ಸೀಸರನು, ತೀರಿಹೋಗಿ ಇಪ್ಪತ್ತು ವರ್ಷಗಳಾಗಿದ್ದ ತನ್ನ ತಂದೆಯ ಹೆಸರಿನಲ್ಲಿ ಇಂಥ ಕಾಳಗವನ್ನು ಏರ್ಪಡಿಸಿದನು. ಆಗ 320 ಜೊತೆ ಗ್ಲಾಡಿಯೇಟರುಗಳು ಕಾದಾಡಿದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ಜನರ ಒಲವನ್ನು ಗಳಿಸುವುದಕ್ಕೆ ರಕ್ತದಾಟವು ಸುಲಭವಾದ ಸಾಧನವೆಂಬುದನ್ನು ರಾಜಕಾರಣಿಗಳು ಅರಿತಿದ್ದರು. ಕ್ರಿ.ಪೂ. 63ರಲ್ಲಿ ಸಿಸೆರೋ ಎಂಬ ಪ್ರಸಿದ್ಧ ವಾಗ್ಮಿಯು, ಚುನಾವಣೆಗೆ ನಿಲ್ಲುವವರು ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಇಂಥ ಆಟಗಳನ್ನು ಏರ್ಪಡಿಸಬಾರದೆಂದು ಕಾಯಿದೆಯನ್ನೇ ತರಬೇಕಾಯಿತು.

ಚಕ್ರವರ್ತಿಗಳ ಕಾಲದಲ್ಲಿ ಈ ವಿನೋದಕ್ಕೆ ಕಲ್ಲಿನ ಮಹಾಮಂದಿರವೇ ಎದ್ದಿತು. ಅದೇ ಕ್ರಿ.ಶ. 80ರಲ್ಲಿ ಟೈಟಸ್ ಚಕ್ರವರ್ತಿಯು ಉದ್ಘಾಟಿಸಿದ ಕೊಲೋಸಿಯಮ್. ಸುಮಾರು ಐವತ್ತು ಸಾವಿರ ಜನರು ಅಲ್ಲಿ ಕುಳಿತು ನೋಡಬಹುದಾಗಿತ್ತು. ಮುಂದಿನ ಸಾಲಿನಲ್ಲಿ ಶ್ರೀಮಂತ ಸೆನೆಟರುಗಳು, ತುತ್ತತುದಿಯಲ್ಲಿ ಬಡವರು ಮತ್ತು ಹೆಂಗಸರು. ಬೆಳಗ್ಗೆ ಮೃಗಗಳ ಬೇಟೆ, ನಡುಹಗಲು ಅಪರಾಧಿಗಳ ವಧೆ, ಮಧ್ಯಾಹ್ನದ ಮೇಲೆ ಗ್ಲಾಡಿಯೇಟರುಗಳ ಕಾಳಗ. ಹೀಗೆ ದಿನದ ಕಾರ್ಯಕ್ರಮ ಸಾಗುತ್ತಿತ್ತು. ಚೆಲ್ಲಿದ ರಕ್ತವನ್ನು ಹೀರಲೆಂದು ಅಂಗಳದ ತುಂಬ ಮರಳನ್ನು ಹರಡುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ ಮರಳಿಗೆ ‘ಹರೇನ’ ಎಂದು ಹೆಸರು. ಇಂದು ಕ್ರೀಡಾಂಗಣವನ್ನು ‘ಅರೇನಾ’ ಎನ್ನುವವರಿಗೆ ಆ ಮರಳಿನ ನೆನಪು ಇರಲಾರದು. ಟ್ರಾಜನ್ ಚಕ್ರವರ್ತಿಯು ಡೇಸಿಯ ದೇಶವನ್ನು ಗೆದ್ದು ಬಂದ ಮೇಲೆ 123 ದಿನಗಳ ಉತ್ಸವ ನಡೆಯಿತೆಂದೂ ಅದರಲ್ಲಿ ಹತ್ತು ಸಾವಿರ ಗ್ಲಾಡಿಯೇಟರುಗಳು ಕಾದಾಡಿದರೆಂದೂ ಸುಮಾರು ಹನ್ನೊಂದು ಸಾವಿರ ಪ್ರಾಣಿಗಳು ಹತವಾದವೆಂದೂ ಇತಿಹಾಸಕಾರನಾದ ಡಿಯೋ ದಾಖಲಿಸಿದ್ದಾನೆ. ಮೂರು ಜೊತೆಗಳಿಂದ ಮೊದಲಾದದ್ದು ಎಲ್ಲಿಗೆ ಮುಟ್ಟಿತೆಂಬುದನ್ನು ಗಮನಿಸಬೇಕು. ನಿನ್ನೆಯ ಕ್ರೌರ್ಯ ಇಂದು ಸಪ್ಪೆಯೆನಿಸುತ್ತದೆ. ಇಂದಿನದನ್ನು ನಾಳೆ ಮೀರಿಸಬೇಕಾಗುತ್ತದೆ. ಹಿಂಸಾವಿನೋದದ ಸ್ವಭಾವವೇ ಇದು.

ಸತ್ತವರ ನಷ್ಟ ಎಲ್ಲರ ಕಣ್ಣಿಗೂ ಕಾಣುತ್ತದೆ. ನೋಡುತ್ತ ಕುಳಿತವರ ನಷ್ಟವನ್ನು ಕಂಡವರು ವಿರಳ. ಕ್ರಿ.ಶ. ಒಂದನೆಯ ಶತಮಾನದಲ್ಲಿದ್ದ ತತ್ತ್ವಜ್ಞಾನಿ ಸೆನೆಕನು ಅಂಥವರಲ್ಲಿ ಒಬ್ಬ. ಒಮ್ಮೆ ನಡುಹಗಲಿನಲ್ಲಿ ಏನಾದರೂ ಹಗುರವಾದ ವಿನೋದವಿದ್ದೀತೆಂದು ಹೋದ ಅವನಿಗೆ ಅಲ್ಲಿ ಕಂಡದ್ದು ಬರಿಯ ಕೊಲೆ. ಜನಸಂದಣಿಯ ನಡುವೆ ಕುಳಿತು ಬಂದದ್ದರಿಂದಲೇ ತಾನು ಹೆಚ್ಚು ಕ್ರೂರನಾಗಿ ಮನೆಗೆ ಮರಳಿದೆನೆಂದು ಅವನು ಗೆಳೆಯನಿಗೆ ಪತ್ರ ಬರೆದನು.

ಸಂತ ಅಗಸ್ಟೀನನು ತನ್ನ ಆತ್ಮಕಥೆಯಲ್ಲಿ ಹೇಳುವ ಪ್ರಸಂಗವು ಇನ್ನೂ ಮನಮುಟ್ಟುವಂಥದು. ಅವನ ಗೆಳೆಯ ಅಲಿಪಿಯಸನು ನ್ಯಾಯಶಾಸ್ತ್ರವನ್ನು ಓದಲು ರೋಮಿಗೆ ಹೋಗಿದ್ದನು. ಈ ಆಟಗಳೆಂದರೆ ಅವನಿಗೆ ಹೇಸಿಗೆ. ಒಂದು ದಿನ ಸಹಪಾಠಿಗಳು ಅವನನ್ನು ಬಲವಂತವಾಗಿ ಎಳೆದೊಯ್ದರು. ‘ದೇಹವನ್ನು ಕೊಂಡೊಯ್ಯಬಹುದು, ಮನಸ್ಸನ್ನಲ್ಲ’ ಎಂಬ ಹಟದಿಂದ ಅವನು ಕಣ್ಣು ಮುಚ್ಚಿ ಕುಳಿತನು. ಯಾವನೋ ಒಬ್ಬನು ಗಾಯಗೊಂಡು ಬಿದ್ದಾಗ ಜನಸ್ತೋಮವು ಬೊಬ್ಬಿರಿಯಿತು. ಕುತೂಹಲವನ್ನು ತಡೆಯಲಾರದೆ ಅವನು ಕಣ್ಣು ತೆರೆದನು. ಮತ್ತೆ ಮುಚ್ಚಲಿಲ್ಲ. ಎಲ್ಲರೊಡನೆ ತಾನೂ ಕೂಗಿದನು; ಮುಂದೆ ಬೇರೆಯವರನ್ನು ಕರೆದೊಯ್ಯುವವನೂ ಆದನು. ಕಾಲಾಂತರದಲ್ಲಿ ಆ ಮೋಹದಿಂದ ಬಿಡಿಸಿಕೊಂಡನೆಂಬುದು ನಿಜ. ಆದರೆ ಒಳ್ಳೆಯ ಮನಸ್ಸು ಕೆಡುವುದಕ್ಕೆ ಒಂದು ಕ್ಷಣದ ನೋಟ ಸಾಕಾಯಿತು.

ರೋಮಿನಲ್ಲಿ ಈ ಆಟ ಮೊಳೆತ ಶತಮಾನದಲ್ಲಿಯೇ ಭಾರತದಲ್ಲಿ ಅಶೋಕ ಚಕ್ರವರ್ತಿಯು ಆಳುತ್ತಿದ್ದನು. ಅವನು ತನ್ನ ಮೊದಲನೆಯ ಬಂಡೆಗಲ್ಲಿನ ಶಾಸನದಲ್ಲಿ ಪ್ರಾಣಿವಧೆಯನ್ನು ನಿಷೇಧಿಸಿದ್ದಲ್ಲದೆ ‘ಸಮಾಜ’ ಎಂಬ ಉತ್ಸವಕೂಟಗಳನ್ನೂ ಖಂಡಿಸಿದ್ದಾನೆ. ಆದರೆ ಎಲ್ಲ ಕೂಟಗಳನ್ನೂ ಅವನು ತಳ್ಳಿಹಾಕಲಿಲ್ಲ. ಕೆಲವು ಒಳ್ಳೆಯವೂ ಉಂಟೆಂದು ಅಲ್ಲಿಯೇ ಹೇಳಿದನು. ವಿನೋದ ಬೇಡವೆಂಬುದು ಅವನ ಮತವಲ್ಲ. ಯಾವ ವಿನೋದ ಎಂಬ ವಿವೇಕ ಬೇಕೆಂಬುದು ಅವನ ಮತ.

ಹಾಗಾದರೆ ಮಹಾಕಾವ್ಯಗಳಲ್ಲಿಯೂ ಯುದ್ಧವಿಲ್ಲವೇ, ರಂಗಸ್ಥಳದ ಮೇಲೆಯೂ ವಧೆ ನಡೆಯುವುದಿಲ್ಲವೇ ಎಂದು ಕೇಳಬಹುದು. ನಡೆಯುತ್ತದೆ, ಆದರೆ ಅಲ್ಲಿ ಹಿಂಸೆಯೊಡನೆ ಅದರ ದುಃಖವೂ ಇರುತ್ತದೆ. ಮಹಾಭಾರತವು ಕುರುಕ್ಷೇತ್ರದ ಗೆಲುವಿನೊಂದಿಗೆ ಮುಗಿಯುವುದಿಲ್ಲ. ಸ್ತ್ರೀಪರ್ವದಲ್ಲಿ ಗಾಂಧಾರಿಯ ಗೋಳು ಕೇಳಿಸುತ್ತದೆ. ರನ್ನನ ಗದಾಯುದ್ಧದಲ್ಲಿ ದುರ್ಯೋಧನನು ಹೆಣಗಳ ನಡುವೆ ನಡೆಯುತ್ತ, ತನ್ನವರಿಗಾಗಿ ಅತ್ತು, ಶತ್ರುಪಕ್ಷದ ಬಾಲಕ ಅಭಿಮನ್ಯುವನ್ನೂ ಕಂಡು ಮರುಗುತ್ತಾನೆ. ಕಲೆಯು ಸಾವಿಗೆ ಒಂದು ಮುಖವನ್ನು ಕೊಡುತ್ತದೆ. ಹಿಂಸಾವಿನೋದವು ಆ ಮುಖವನ್ನು ಅಳಿಸಿ, ಬಿದ್ದವರನ್ನು ಎಣಿಸುವುದನ್ನಷ್ಟೇ ಕಲಿಸುತ್ತದೆ.

ಇಂದು ಕೊಲೋಸಿಯಮ್ ಪಾಳುಬಿದ್ದ ಕಟ್ಟಡ. ಆದರೆ ಅದರ ಆಸನಗಳು ಮನೆಮನೆಯನ್ನೂ ಹೊಕ್ಕಿವೆ. ಚಲನಚಿತ್ರ, ದೂರದರ್ಶನ, ಕೈಯಲ್ಲಿ ಹಿಡಿದ ಮೊಬೈಲ್ ಎಲ್ಲವೂ ಹೊಡೆದಾಟವನ್ನು ಬಡಿಸುತ್ತಿವೆ. 1961ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞನು ಸಹೋದ್ಯೋಗಿಗಳೊಡನೆ ಒಂದು ಪ್ರಯೋಗವನ್ನು ನಡೆಸಿದನು. ದೊಡ್ಡವರು ಒಂದು ಗೊಂಬೆಯನ್ನು ಬಡಿಯುವುದನ್ನು ನೋಡಿದ ಮಕ್ಕಳು, ನೋಡದ ಮಕ್ಕಳಿಗಿಂತ ಹೆಚ್ಚಾಗಿ ಆ ಗೊಂಬೆಯನ್ನು ಹಾಗೆಯೇ ಬಡಿದರು. ಚಿತ್ರದ ಪರದೆಯ ಮೇಲೆ ನೋಡಿದಾಗಲೂ ಅನುಕರಣೆ ಕಂಡುಬಂದಿತೆಂದು 1963ರ ಇನ್ನೊಂದು ಪ್ರಯೋಗವು ತಿಳಿಸಿತು. ಹೊಡೆದಾಟದ ಚಿತ್ರವನ್ನು ನೋಡಿದವರೆಲ್ಲರೂ ಅಪರಾಧಿಗಳಾಗುವುದಿಲ್ಲ. ಈ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವೂ ಉಂಟು. ಆದರೆ ಕೈ ಕೆಡುವುದಕ್ಕಿಂತ ಮೊದಲೇ ಕಣ್ಣು ಕೆಡುತ್ತದೆ. ರಸ್ತೆಯಲ್ಲಿ ಅಪಘಾತವಾದಾಗ ನೀರು ಕೊಡುವ ಬದಲು ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಲ್ಲುವವನು ಯಾರನ್ನೂ ಕೊಂದಿಲ್ಲ. ಆದರೂ ಅವನು ಕೊಲೋಸಿಯಮಿನ ಪ್ರೇಕ್ಷಕನೇ. ಗಾಯಾಳುವಿಗೆ ನೆರವಾದವರಿಗೆ ತೊಂದರೆಯಾಗದಂತೆ 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆಯು ರಕ್ಷಣೆ ಕೊಟ್ಟಿದೆ. ನೆರವಿನ ಕೈಯನ್ನು ಕಾಯಿದೆ ಕಾಪಾಡಬಲ್ಲುದು. ಕೈ ಚಾಚುವ ಮನಸ್ಸನ್ನು ಅದು ಹುಟ್ಟಿಸಲಾರದು.

ರೋಮಿನ ಆಟವು ನಿಲ್ಲಲು ಬಹುಕಾಲ ಹಿಡಿಯಿತು. ಕ್ರಿ.ಶ. 325ರಲ್ಲಿ ಕಾನ್‌ಸ್ಟಾಂಟೀನ್ ಚಕ್ರವರ್ತಿಯು ಅದನ್ನು ವಿರೋಧಿಸಿ ಆಜ್ಞೆ ಹೊರಡಿಸಿದರೂ ಅದು ನಡೆದೇ ಇತ್ತು. ಐದನೆಯ ಶತಮಾನದ ಆದಿಯಲ್ಲಿ ಟೆಲಿಮಾಕಸ್ ಎಂಬ ಸಂನ್ಯಾಸಿಯು ಅಂಗಳಕ್ಕಿಳಿದು ಕಾದಾಡುವವರನ್ನು ತಡೆಯಲು ಹೋದನೆಂದೂ, ರೊಚ್ಚಿಗೆದ್ದ ಪ್ರೇಕ್ಷಕರು ಅವನನ್ನು ಕಲ್ಲೆಸೆದು ಕೊಂದರೆಂದೂ, ಆ ಬಳಿಕ ಹೊನೋರಿಯಸ್ ಚಕ್ರವರ್ತಿಯು ಆಟವನ್ನು ನಿಲ್ಲಿಸಿದನೆಂದೂ ಥಿಯೊಡೊರೆಟ್ ಬರೆದಿದ್ದಾನೆ. ಅವನನ್ನು ಕೊಂದದ್ದು ಗ್ಲಾಡಿಯೇಟರುಗಳ ಕತ್ತಿಯಲ್ಲ, ನೋಡುತ್ತ ಕುಳಿತಿದ್ದವರ ಕೈಯ ಕಲ್ಲು.

ಪ್ರೇಕ್ಷಕನು ನಿರಪರಾಧಿಯೆಂಬ ಮಾತನ್ನು ಈ ಒಂದು ಘಟನೆಯೇ ಸುಳ್ಳಾಗಿಸುತ್ತದೆ. ನೋಡುವವರಿಲ್ಲದೆ ಯಾವ ಆಟವೂ ನಡೆಯದು. ಏನನ್ನು ನೋಡಬೇಕು, ಯಾವಾಗ ಎದ್ದು ಹೊರಡಬೇಕು ಎಂಬ ವಿವೇಕವು ಪ್ರತಿಯೊಬ್ಬ ಪ್ರಜೆಯ ಕೈಯಲ್ಲಿದೆ. ಆ ವಿವೇಕವನ್ನು ಎಳವೆಯಲ್ಲಿಯೇ ಬೆಳೆಸಿಕೊಂಡ ಸಮಾಜದಲ್ಲಿ ಮಾತ್ರ ವಿನೋದವು ವಿನೋದವಾಗಿಯೇ ಉಳಿಯುತ್ತದೆ.

ಪ್ರಶ್ನೆಗಳು

1. ಗ್ಲಾಡಿಯೇಟರುಗಳ ಕಾಳಗವು ಯಾವ ಸಂದರ್ಭದಲ್ಲಿ ಆರಂಭವಾಯಿತು? ಅದು ಹೇಗೆ ಬೆಳೆಯಿತು?
2. ಅಲಿಪಿಯಸನ ಪ್ರಸಂಗವನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.
3. ಕಾವ್ಯದಲ್ಲಿ ಬರುವ ಹಿಂಸೆಗೂ ಹಿಂಸಾವಿನೋದಕ್ಕೂ ಇರುವ ವ್ಯತ್ಯಾಸವೇನು?
4. ‘ಕೈ ಕೆಡುವುದಕ್ಕಿಂತ ಮೊದಲೇ ಕಣ್ಣು ಕೆಡುತ್ತದೆ.’ ಈ ಮಾತನ್ನು ಸಮರ್ಥಿಸಿರಿ.