ಲೇಸರ್ ಡಯೋಡ್ ಚಾಲಕ ಮಂಡಲಗಳ ಅತಿವೋಲ್ಟೇಜ್ ರಕ್ಷಣೆ: ಮುಖ್ಯಾಂಶಗಳು

ಹಿನ್ನೆಲೆ: ವಿಮಾನಪುರದ ಸ್ಥಳ, ಸಂಸ್ಥೆಗಳು

- ವಿಮಾನಪುರ: ಬೆಂಗಳೂರು ಪೂರ್ವ, ಹಳೆಯ ವಿಮಾನ ನಿಲ್ದಾಣ ರಸ್ತೆ, ಪಿನ್‌ಕೋಡ್ 560017.
- ಹಿಂದೂಸ್ತಾನ್ ಏರ್‌ಕ್ರಾಫ್ಟ್: ಸ್ಥಾಪನೆ 1940ರ ಡಿಸೆಂಬರ್ 23, ಸ್ಥಾಪಕರು ವಾಲ್‌ಚಂದ್ ಹೀರಾಚಂದ್, ಮೈಸೂರು ಸಂಸ್ಥಾನದ ಸಹಭಾಗಿತ್ವ. 1964ರ ಅಕ್ಟೋಬರ್ 1ರಿಂದ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್ (ಎಚ್‌ಎಎಲ್).
- ಎಚ್‌ಎಎಲ್ ವಿಮಾನ ನಿಲ್ದಾಣ: ತೇಜಸ್ ಲಘು ಯುದ್ಧ ವಿಮಾನದ ಮೊದಲ ಹಾರಾಟ, 2001ರ ಜನವರಿ 4.
- ಯು.ಆರ್. ರಾವ್ ಉಪಗ್ರಹ ಕೇಂದ್ರ: ಇಸ್ರೋದ ಉಪಗ್ರಹ ನಿರ್ಮಾಣ ಕೇಂದ್ರ, ವಿಮಾನಪುರ ಅಂಚೆ. ಆರಂಭ 1972, ಪೀಣ್ಯದ ಕೈಗಾರಿಕಾ ಶೆಡ್‌ಗಳಲ್ಲಿ. ಹಳೆಯ ಹೆಸರು ಐಸ್ಯಾಕ್; ಈಗಿನ ಹೆಸರು 2018ರ ಏಪ್ರಿಲ್ 2ರಿಂದ.
- ಯು.ಆರ್. ರಾವ್: ಜನನ 1932ರ ಮಾರ್ಚ್ 10, ಅದಮಾರು, ಉಡುಪಿ, ನಿಧನ 2017ರ ಜುಲೈ 24.
- ಆರ್ಯಭಟ: ಭಾರತದ ಮೊದಲ ಉಪಗ್ರಹ, ಉಡಾವಣೆ 1975ರ ಏಪ್ರಿಲ್ 19, ಕಪುಸ್ತಿನ್ ಯಾರ್, ಸೋವಿಯತ್ ಒಕ್ಕೂಟ, ತೂಕ 360 ಕೆ.ಜಿ. ವಿದ್ಯುತ್ ಪೂರೈಕೆ ದೋಷದಿಂದ ಕೆಲವೇ ದಿನಗಳಲ್ಲಿ ವೈಜ್ಞಾನಿಕ ಪ್ರಯೋಗಗಳು ಸ್ಥಗಿತ. ಪವರ್ ಲೈನ್ ರಕ್ಷಣೆಯ ಪಾಠ ಮೊದಲ ಉಪಗ್ರಹದಿಂದಲೇ.

ಚಂದ್ರನ ಮೇಲೆ ಭಾರತದ ಲೇಸರ್

- ಚಂದ್ರಯಾನ-1: ಉಡಾವಣೆ 2008ರ ಅಕ್ಟೋಬರ್ 22, ವಾಹನ ಪಿಎಸ್‌ಎಲ್‌ವಿ-ಸಿ11, ಉಪಕರಣಗಳು 11 (ಭಾರತದ 5, ವಿದೇಶದ 6).
- ಎಲ್‌ಎಲ್‌ಆರ್‌ಐ (ಚಾಂದ್ರ ಲೇಸರ್ ದೂರಮಾಪಕ): ತಯಾರಿ ಇಸ್ರೋದ ಎಲೆಕ್ಟ್ರೋ-ಆಪ್ಟಿಕ್ಸ್ ಪ್ರಯೋಗಾಲಯ ಲಿಯೋಸ್, ಬೆಂಗಳೂರು. ಡಯೋಡ್‌ನಿಂದ ಪಂಪ್ ಆಗುವ ಎನ್‌ಡಿ-ಯಾಗ್ ಲೇಸರ್. ತರಂಗಾಂತರ 1064 ನ್ಯಾನೊಮೀಟರ್. ಪ್ರತಿ ಸ್ಪಂದದ ಶಕ್ತಿ 10 ಮಿಲಿಜೌಲ್. ಸೆಕೆಂಡಿಗೆ 10 ಸ್ಪಂದ. ಕಕ್ಷೆಯ ಎತ್ತರ 100 ಕಿ.ಮೀ. ಮೊದಲ ಚಾಲನೆ 2008ರ ನವೆಂಬರ್ 16.
- ಎನ್‌ಡಿ-ಯಾಗ್ ಪಂಪ್ ಡಯೋಡ್‌ನ ಸಾಮಾನ್ಯ ತರಂಗಾಂತರ: 808 ನ್ಯಾನೊಮೀಟರ್. ಪಂಪ್ ಡಯೋಡ್ 808, ಹೊರಬರುವ ಕಿರಣ 1064: ಎರಡೂ ಸಂಖ್ಯೆ ಒಂದೇ ಬಗೆಯ ಲೇಸರ್‌ನವು.
- ಚಂದ್ರಯಾನ-3: ಉಡಾವಣೆ 2023ರ ಜುಲೈ 14; ಚಂದ್ರನ ನೆಲಕ್ಕೆ ಸ್ಪರ್ಶ 2023ರ ಆಗಸ್ಟ್ 23. ವಿಕ್ರಮ್ ಲ್ಯಾಂಡರ್‌ನಲ್ಲಿ ಲೇಸರ್ ಎತ್ತರಮಾಪಕ, ಲೇಸರ್ ಡಾಪ್ಲರ್ ವೇಗಮಾಪಕ. ಪ್ರಜ್ಞಾನ್ ರೋವರ್‌ನಲ್ಲಿ ಲಿಯೋಸ್ ತಯಾರಿಸಿದ ಲಿಬ್ಸ್ (ಲೇಸರ್ ಪ್ರೇರಿತ ವಿಭಜನ ರೋಹಿತಮಾಪಕ). ದಕ್ಷಿಣ ಧ್ರುವದ ಸಮೀಪ ಗಂಧಕದ ದೃಢೀಕರಣ.
- ಆಗಸ್ಟ್ 23: ರಾಷ್ಟ್ರೀಯ ಬಾಹ್ಯಾಕಾಶ ದಿನ.
- ಉಡಾವಣೆಯ ನಂತರ ಡಯೋಡ್ ಬದಲಾವಣೆ ಅಸಾಧ್ಯ. ಚಾಲಕ ಮಂಡಲದ ರಕ್ಷಣೆಯೇ ಉಪಕರಣದ ಆಯುಷ್ಯ.

ಮೊದಲಿಗರು

- ಪ್ರಚೋದಿತ ಉತ್ಸರ್ಜನೆಯ ಸಿದ್ಧಾಂತ: ಆಲ್ಬರ್ಟ್ ಐನ್‌ಸ್ಟೈನ್, 1917.
- ಮೊದಲ ಲೇಸರ್: ಥಿಯೋಡೋರ್ ಮೈಮನ್, 1960ರ ಮೇ 16, ಮಾಣಿಕ್ಯ ಹರಳು, 694.3 ನ್ಯಾನೊಮೀಟರ್. ಮೇ 16 ಅಂತರರಾಷ್ಟ್ರೀಯ ಬೆಳಕಿನ ದಿನ.
- ಮೊದಲ ಅರೆವಾಹಕ ಲೇಸರ್: ರಾಬರ್ಟ್ ಹಾಲ್, 1962; ಗ್ಯಾಲಿಯಂ ಆರ್ಸೆನೈಡ್; 77 ಕೆಲ್ವಿನ್ ಶೈತ್ಯದಲ್ಲಿ, ಸ್ಪಂದ ರೂಪದಲ್ಲಿ ಮಾತ್ರ.
- ಮೊದಲ ದೃಗ್ಗೋಚರ ಅರೆವಾಹಕ ಲೇಸರ್: ನಿಕ್ ಹೊಲೊನ್ಯಾಕ್, 1962.
- ಕೋಣೆಯ ತಾಪದಲ್ಲಿ ನಿರಂತರ ಕಿರಣ: 1970, ಝೋರೆಸ್ ಅಲ್ಫೆರೋವ್ ತಂಡ, ಪ್ರತ್ಯೇಕವಾಗಿ ಹಯಾಶಿ ಮತ್ತು ಪ್ಯಾನಿಷ್. ಅಲ್ಫೆರೋವ್, ಕ್ರೋಮರ್: ಭೌತಶಾಸ್ತ್ರ ನೊಬೆಲ್ 2000 (ಜ್ಯಾಕ್ ಕಿಲ್ಬಿ ಜೊತೆ).
- ನೊಬೆಲ್ 2014 (ಅಕಸಾಕಿ, ಅಮಾನೊ, ನಕಮುರಾ): ನೀಲಿ ಎಲ್‌ಇಡಿಗೆ, ನೀಲಿ ಲೇಸರ್‌ಗೆ ಅಲ್ಲ.

ಡಯೋಡ್‌ನ ವಿದ್ಯುತ್ ಗುಣ

- ಮುಮ್ಮುಖ ವೋಲ್ಟೇಜ್: 808 ನ್ಯಾನೊಮೀಟರ್ ಸುಮಾರು 2 ವೋಲ್ಟ್, 650 (ಕೆಂಪು) ಸುಮಾರು 2.2, 405 (ನೇರಳೆ) ಸುಮಾರು 5.
- ಹಿಮ್ಮುಖ ವೋಲ್ಟೇಜ್ ಮಿತಿ: ಸಣ್ಣ ಕೆಂಪು ಡಯೋಡ್‌ಗೆ ಸಾಮಾನ್ಯವಾಗಿ 2 ವೋಲ್ಟ್ ಮಾತ್ರ. ಅದೇ ಡಬ್ಬಿಯೊಳಗಿನ ಮಾನಿಟರ್ ಫೋಟೋಡಯೋಡ್‌ಗೆ 30 ವೋಲ್ಟ್.
- ಹೊಸ್ತಿಲು ಪ್ರವಾಹ: ಇದಕ್ಕಿಂತ ಕೆಳಗೆ ಎಲ್‌ಇಡಿಯಂಥ ಮಂದ ಬೆಳಕು, ಮೇಲೆ ಲೇಸರ್. ಹೊಸ್ತಿಲು ದಾಟಿದ ಮೇಲೆ ಹೆಚ್ಚುವರಿ ಪ್ರವಾಹಕ್ಕೆ ನೇರ ಅನುಪಾತದಲ್ಲಿ ಬೆಳಕಿನ ಏರಿಕೆ.
- ಮುಮ್ಮುಖ ವೋಲ್ಟೇಜ್‌ನ ಕೊಂಚ ಏರಿಕೆ = ಪ್ರವಾಹದ ಭಾರೀ ಏರಿಕೆ. ಆದ್ದರಿಂದ ಚಾಲಕ ಮಂಡಲ ಸ್ಥಿರ ಪ್ರವಾಹದ್ದು, ಸ್ಥಿರ ವೋಲ್ಟೇಜ್‌ನದ್ದಲ್ಲ.
- ಎರಡು ನಿಯಂತ್ರಣ ವಿಧಾನ: ಸ್ವಯಂ ಪ್ರವಾಹ ನಿಯಂತ್ರಣ (ಎಸಿಸಿ), ಫೋಟೋಡಯೋಡ್ ಆಧಾರಿತ ಸ್ವಯಂ ಬೆಳಕು ನಿಯಂತ್ರಣ (ಎಪಿಸಿ).
- ಎಪಿಸಿಯ ಅಪಾಯ: ಫೋಟೋಡಯೋಡ್ ತಂತಿ ಕಡಿದರೆ ಮಂಡಲಕ್ಕೆ ಬೆಳಕು ಶೂನ್ಯವೆಂಬ ಸಂಕೇತ, ಪ್ರವಾಹ ಗರಿಷ್ಠಕ್ಕೆ. ಪ್ರವಾಹಕ್ಕೆ ಪ್ರತ್ಯೇಕ ಮೇಲ್ಮಿತಿ ಕಡ್ಡಾಯ.
- ಸಿಒಡಿ (ದುರಂತಕರ ದ್ಯುತಿ ಹಾನಿ): ಹರಳಿನ ಕನ್ನಡಿ ಮುಖದಲ್ಲಿ ಬೆಳಕಿನ ಹೀರಿಕೆ, ತಾಪ ಏರಿಕೆ, ಇನ್ನಷ್ಟು ಹೀರಿಕೆ, ಮುಖ ಕರಗುವಿಕೆ. ಅವಧಿ ನ್ಯಾನೊಸೆಕೆಂಡುಗಳು. ಗುರುತು: ಪ್ರವಾಹ ಸರಿ, ವೋಲ್ಟೇಜ್ ಸರಿ, ಬೆಳಕು ಮಂದ. ಲೇಸರ್ ಸತ್ತು ಎಲ್‌ಇಡಿ ಉಳಿದ ಸ್ಥಿತಿ.
- ಫ್ಯೂಸ್‌ನ ವೇಗ ಮಿಲಿಸೆಕೆಂಡುಗಳು. ಡಯೋಡ್‌ನ ಸಾವು ಅದಕ್ಕಿಂತ ಬಹಳ ಮೊದಲು. ಫ್ಯೂಸ್ ರಕ್ಷಿಸುವುದು ತಂತಿಯನ್ನು, ಡಯೋಡನ್ನಲ್ಲ.

ಅತಿವೋಲ್ಟೇಜ್‌ನ ಮೂಲಗಳು

- ಸ್ಥಾಯಿ ವಿದ್ಯುತ್: ಮಾನವ ದೇಹ ಮಾದರಿ 100 ಪಿಕೋಫ್ಯಾರಡ್, 1500 ಓಮ್. ಕೈಗೆ ಚುರುಕು ತಟ್ಟುವ ಮಟ್ಟ ಸುಮಾರು 3000 ವೋಲ್ಟ್; ಡಯೋಡ್‌ಗೆ ಹಾನಿ ಅದಕ್ಕಿಂತ ಬಹಳ ಕೆಳಗೆ, ಕೈಗೆ ಗೊತ್ತಾಗದಂತೆ.
- ಮನೆ-ಪ್ರಯೋಗಾಲಯದ ಲೈನ್: 230 ವೋಲ್ಟ್, 50 ಹರ್ಟ್ಸ್, ಗರಿಷ್ಠ ಬಿಂದು 325 ವೋಲ್ಟ್. ಮೂರು ಫೇಸ್ ಲೈನ್‌ನ ನ್ಯೂಟ್ರಲ್ ಕಡಿದರೆ ಒಂದು ಫೇಸ್‌ನ ಮೇಲೆ 400 ವೋಲ್ಟ್‌ನ ಆಸುಪಾಸು. ಏಪ್ರಿಲ್–ಮೇ ಗುಡುಗು ಮಳೆಯ ದಿನಗಳಲ್ಲಿ ಸಿಡಿಲಿನ ಸರ್ಜ್.
- ವಿಮಾನದ ಲೈನ್: ನೇರ ಪ್ರವಾಹ 28 ವೋಲ್ಟ್; ಪರ್ಯಾಯ ಪ್ರವಾಹ 115 ವೋಲ್ಟ್, 400 ಹರ್ಟ್ಸ್. ಮಿಲ್-ಸ್ಟ್ಯಾಂಡರ್ಡ್-704ಎಫ್: ಸ್ಥಿರ ಸ್ಥಿತಿ 22–29 ವೋಲ್ಟ್, ಸಾಮಾನ್ಯ ಕ್ಷಣಿಕ ಏರಿಕೆ 50 ವೋಲ್ಟ್, 12.5 ಮಿಲಿಸೆಕೆಂಡ್.
- ರಿಲೇ, ಮೋಟಾರು, ಉದ್ದ ಕೇಬಲ್‌ಗಳ ಪ್ರೇರಕತ್ವದ ಒದೆತ.

ಒಂದು ಲೆಕ್ಕ: ಸಡಿಲ ತಂತಿ

- ಕಾರ್ಯಾಗಾರದ ಸಾಮಾನ್ಯ ಹಾನಿ.
- ದತ್ತಾಂಶ: ಪೂರೈಕೆ 12 ವೋಲ್ಟ್, ಹೊರಮುಖ ಕೆಪಾಸಿಟರ್ 10 ಮೈಕ್ರೋಫ್ಯಾರಡ್, ಕೆಂಪು ಡಯೋಡ್ 2.2 ವೋಲ್ಟ್, 30 ಮಿಲಿಆಂಪಿಯರ್. ಮಾರ್ಗದ ಒಟ್ಟು ರೋಧ 1 ಓಮ್.
- ಚಾಲಕ ಆನ್ ಇರುವಾಗಲೇ ಡಯೋಡ್‌ನ ತಂತಿ ಕಳಚಿಕೆ. ಪ್ರವಾಹಕ್ಕೆ ದಾರಿ ಇಲ್ಲ. ಕೆಪಾಸಿಟರ್ 12 ವೋಲ್ಟ್‌ವರೆಗೆ ಭರ್ತಿ. ಶೇಖರಿತ ಶಕ್ತಿ 720 ಮೈಕ್ರೋಜೌಲ್.
- ತಂತಿ ಮತ್ತೆ ತಾಗಿದ ಕ್ಷಣ: 12 − 2.2 = 9.8 ವೋಲ್ಟ್, ಆರಂಭಿಕ ಪ್ರವಾಹ 9.8 ಆಂಪಿಯರ್, ಸಾಮಾನ್ಯಕ್ಕಿಂತ 300 ಪಟ್ಟಿಗೂ ಹೆಚ್ಚು, ಕಾಲ ಸ್ಥಿರಾಂಕ 10 ಮೈಕ್ರೋಸೆಕೆಂಡ್.
- ಮೀಟರಿನಲ್ಲಿ ಏನೂ ಕಾಣದು. ಡಯೋಡ್ ಮಾತ್ರ ಮುಗಿದಿರುತ್ತದೆ.
- ಪರಿಹಾರ: ಕ್ಲಿಪ್ ಬದಲು ಬೆಸುಗೆ, ಜೋಡಣೆಯ ನಂತರವೇ ಸ್ವಿಚ್, ಹೊರಮುಖ ಕೆಪಾಸಿಟರ್ ಕನಿಷ್ಠ, ತೆರೆದ ಮಂಡಲ ಪತ್ತೆಯಾದರೆ ಚಾಲಕ ಬಂದ್, ಅನುಸರಣಾ ವೋಲ್ಟೇಜ್ (ಚಾಲಕ ಕೊಡಬಲ್ಲ ಗರಿಷ್ಠ ವೋಲ್ಟೇಜ್) ಡಯೋಡ್‌ಗೆ ಬೇಕಾದಷ್ಟೇ.

ರಕ್ಷಣಾ ಘಟಕಗಳು

- ಎಂಒವಿ (ಲೋಹ ಆಕ್ಸೈಡ್ ವೇರಿಸ್ಟರ್): ಸತು ಆಕ್ಸೈಡ್, ಎಸಿ ಪ್ರವೇಶದ ಬಳಿ. 14ಡಿ431ಕೆ: 275 ವೋಲ್ಟ್ ಎಸಿ, 1 ಮಿಲಿಆಂಪಿಯರ್‌ಗೆ 430 ವೋಲ್ಟ್. ನ್ಯೂಟ್ರಲ್ ಕಡಿತದಂಥ ದೀರ್ಘ ಅತಿವೋಲ್ಟೇಜ್‌ಗೆ ಸುಟ್ಟುಹೋಗುವ ಘಟಕ. ಮುಂದೆ ಫ್ಯೂಸ್ ಅಗತ್ಯ.
- ಟಿವಿಎಸ್ (ಕ್ಷಣಿಕ ವೋಲ್ಟೇಜ್ ದಮನಕ) ಡಯೋಡ್: ಅತಿವೇಗ, ಡಿಸಿ ಪ್ರವೇಶದ ಬಳಿ. ಎಸ್‌ಎಂಬಿಜೆ33ಎ: ತಡೆ ವೋಲ್ಟೇಜ್ 33, ಕ್ಲ್ಯಾಂಪ್ 53.3 ವೋಲ್ಟ್, 600 ವ್ಯಾಟ್ ಸ್ಪಂದ ಸಾಮರ್ಥ್ಯ.
- ಎಸ್‌ಎಂಬಿಜೆ5.0ಎ: ತಡೆ 5, ಭಂಜನ 6.4–7.0, ಕ್ಲ್ಯಾಂಪ್ 9.2 ವೋಲ್ಟ್. ಹೆಸರಿನ 5 ಕ್ಲ್ಯಾಂಪ್ ವೋಲ್ಟೇಜ್ ಅಲ್ಲ. 6 ವೋಲ್ಟ್ ಪರಮ ಮಿತಿಯ ಚಾಲಕ ಚಿಪ್‌ಗೆ ಇದೊಂದೇ ಸಾಲದು. ನಡುವೆ ಸರಣಿ ರೋಧ ಅಥವಾ ರೆಗ್ಯುಲೇಟರ್ ಬೇಕು.
- ಝೀನರ್: ಸುಮಾರು 5 ವೋಲ್ಟ್‌ಗಿಂತ ಕೆಳಗೆ ಝೀನರ್ ಪರಿಣಾಮ, ಮೇಲೆ ಅವಲಾಂಚ್ ಪರಿಣಾಮ ಪ್ರಧಾನ.
- ಕ್ರೋಬಾರ್: ಎಸ್‌ಸಿಆರ್‌ನಿಂದ ಲೈನ್‌ನ ಉದ್ದೇಶಪೂರ್ವಕ ಶಾರ್ಟ್, ನಂತರ ಫ್ಯೂಸ್ ಕಡಿತ, ಪೂರೈಕೆ ತೆಗೆಯುವವರೆಗೆ ಮರುಸ್ಥಿತಿ ಇಲ್ಲ.
- ಷಾಟ್ಕಿ ಡಯೋಡ್, ಲೇಸರ್‌ಗೆ ವಿರುದ್ಧ ದಿಕ್ಕಿನಲ್ಲಿ ಸಮಾಂತರ: ಹಿಮ್ಮುಖ ವೋಲ್ಟೇಜ್ ಸುಮಾರು 0.3–0.4 ವೋಲ್ಟ್‌ಗೆ ಸೀಮಿತ. ಅಗ್ಗದ ಘಟಕ, ಬಿಟ್ಟುಬಿಡಲು ಕಾರಣವೇ ಇಲ್ಲ.
- ಸಾಮಾನ್ಯ-ಮುಚ್ಚಿದ ರಿಲೇ: ವಿದ್ಯುತ್ ಇಲ್ಲದಾಗ ಡಯೋಡ್‌ನ ಎರಡೂ ತುದಿ ಶಾರ್ಟ್, ಸಾಗಣೆ, ಜೋಡಣೆ ವೇಳೆಯ ಸ್ಥಾಯಿ ವಿದ್ಯುತ್ತಿಗೆ ತಡೆ.
- ಮೃದು ಆರಂಭ: ಪ್ರವಾಹದ ನಿಧಾನ ಏರಿಕೆ, ಆನ್ ಕ್ಷಣದ ಮಿತಿಮೀರಿಕೆಗೆ ತಡೆ.
- ಎಲ್‌ಎಂ317 (ರೆಗ್ಯುಲೇಟರ್ ಚಿಪ್): ಆಧಾರ ವೋಲ್ಟೇಜ್ 1.25, ಒಳ-ಹೊರ ವ್ಯತ್ಯಾಸದ ಮಿತಿ 40 ವೋಲ್ಟ್. ಸ್ಥಿರ ಪ್ರವಾಹ ಮೂಲವಾಗಿ ಬಳಸಿದಾಗ ಪ್ರವಾಹ = 1.25 ÷ ರೋಧ. 43 ಓಮ್‌ಗೆ 29 ಮಿಲಿಆಂಪಿಯರ್.

ಮಾನದಂಡಗಳು

- ಐಇಸಿ 61000-4-2: ಸ್ಥಾಯಿ ವಿದ್ಯುತ್, 4ನೇ ಮಟ್ಟ ಸ್ಪರ್ಶ 8, ಗಾಳಿ 15 ಕಿಲೋವೋಲ್ಟ್. 8 ಕಿಲೋವೋಲ್ಟ್‌ಗೆ ಮೊದಲ ಶಿಖರ 30 ಆಂಪಿಯರ್, ಏರಿಕೆಯ ಅವಧಿ ಸುಮಾರು 1 ನ್ಯಾನೊಸೆಕೆಂಡ್.
- ಐಇಸಿ 61000-4-4: ವೇಗದ ಕ್ಷಣಿಕ ಸ್ಫೋಟಗಳು. 61000-4-5: ಸರ್ಜ್, ವೋಲ್ಟೇಜ್ ಅಲೆ 1.2/50, ಪ್ರವಾಹ ಅಲೆ 8/20 ಮೈಕ್ರೋಸೆಕೆಂಡ್.
- ಐಇಸಿ 60825-1: ಲೇಸರ್ ಸುರಕ್ಷತಾ ವರ್ಗಗಳು. ದೃಗ್ಗೋಚರ ನಿರಂತರ ಕಿರಣಕ್ಕೆ ವರ್ಗ 2: 1 ಮಿಲಿವ್ಯಾಟ್‌ವರೆಗೆ, 3ಆರ್: 5, 3ಬಿ: 500, ಅದಕ್ಕಿಂತ ಮೇಲೆ ವರ್ಗ 4.
- ಟಿವಿಎಸ್‌ನ ಸ್ಥಾನ: ಕನೆಕ್ಟರ್‌ಗೆ ಅಂಟಿದಂತೆ. ಬೋರ್ಡಿನ 1 ಸೆಂ.ಮೀ. ತಾಮ್ರದ ಗೆರೆಯ ಪ್ರೇರಕತ್ವ ಸುಮಾರು 10 ನ್ಯಾನೊಹೆನ್ರಿ. 1 ನ್ಯಾನೊಸೆಕೆಂಡಿನಲ್ಲಿ 30 ಆಂಪಿಯರ್ ಏರಿದರೆ ಆ 1 ಸೆಂ.ಮೀ.ನಲ್ಲೇ 300 ವೋಲ್ಟ್.